ಕೋತಿ ಆಸ್ಪತ್ರೆ

ಬಬ್ಬೂರಿನ ಫಾರಂ ದಾಟಿ ಹಿರಿಯೂರಿನ ಕಡೆ ಒಂದು ಕೂಗಳತೆ ನಡೆದರೆ, ಜಾಲಿಗಿಡಗಳ ನಡುವೆ ತಂತಿಬೇಲಿ ಹಾಕಿದ ಬಿಳೀ ಕಟ್ಟಡವೊಂದಿತ್ತು. ಸರ್ಕಾರದವರು ಅದಕ್ಕೆ ಮಾರುದ್ದದ ಹೆಸರಿಟ್ಟಿದ್ದರು. ಬೋರ್ಡು ಇಂಗ್ಲಿಷಿನಲ್ಲಿದ್ದುದರಿಂದ ಊರಿನವರು ಯಾರೂ ಅದನ್ನು ಓದುವ ತಂಟೆಗೆ ಹೋಗಲಿಲ್ಲ. ಒಳಗೆ ಬಿಳೀ ಕೋಟಿನ ಡಾಕ್ಟರಿದ್ದರು, ಸೂಜಿಯಿತ್ತು, ಸ್ಪಿರಿಟ್ಟಿನ ವಾಸನೆಯಿತ್ತು, ಸಾಲಾಗಿ ಇಟ್ಟ ಬೋನುಗಳಲ್ಲಿ ಕೋತಿಗಳಿದ್ದವು. ಇನ್ನೇನು ಬೇಕು? ಊರು ಅದನ್ನು ಕೋತಿ ಆಸ್ಪತ್ರೆ ಅಂತ ಕರೆಯಿತು. ಕರೆದವರೆಲ್ಲ ಅರ್ಧ ತಮಾಷೆಗೆ ಕರೆದರು. ಪೂರಾ ನಂಬಿದವಳು ಹನುಮಮ್ಮ ಒಬ್ಬಳೇ.

ನಂಬದೆ ಏನು ಮಾಡಿಯಾಳು? ಆಕೆಯ ಒಬ್ಬನೇ ಮಗ ದುರುಗಣ್ಣ ಅಲ್ಲಿ ಕೋತಿ ಶೆಡ್ಡಿನ ಆಳು. ಬೋನು ತೊಳೆಯುವುದು, ಕಾಳು ಹಾಕುವುದು, ಡಾಕ್ಟರು ರಕ್ತ ತೆಗೆಯುವಾಗ ಕೋತಿ ಹಿಡಿದುಕೊಳ್ಳುವುದು ಅವನ ಕೆಲಸ. ಗಂಡ ಬೋರಪ್ಪ ಸತ್ತ ಮೇಲೆ ಕಂಡವರ ಹೊಲದಲ್ಲಿ ಬೆನ್ನು ಬಗ್ಗಿಸಿ ಸಾಕಿದ ಮಗನಿಗೆ ಖಾಕಿ ಅಂಗಿ ಬಂದಿದೆ. ಅದೂ ಆಂಜನೇಯನ ಪರಿವಾರವನ್ನು ನೋಡಿಕೊಳ್ಳುವ ಕೆಲಸದಲ್ಲಿ. ಶನಿವಾರ ತಪ್ಪದೆ ಒಪ್ಪತ್ತು ಇರುವ ಹೆಂಗಸಿಗೆ ಇದಕ್ಕಿಂತ ದೊಡ್ಡ ವರ ಯಾವುದು?

"ನಿಮ್ಮ ಮಕ್ಕಳು ಎಮ್ಮೆ ಮೈ ತೊಳೀತಾರೆ ಕಣ್ರೇ. ನನ್ನ ಮಗ ದೇವರ ಮೈ ತೊಳೀತಾನೆ," ಎಂದು ಸೇದುವ ಬಾವಿಯ ಹತ್ತಿರ ಆಕೆ ಹೇಳುವಾಗ ಪಕ್ಕದಲ್ಲಿ ಕೊಡ ಇಟ್ಟುಕೊಂಡು ನಿಂತಿರುತ್ತಿದ್ದ ಸೊಸೆ ಓಬಮ್ಮನಿಗೆ ನಾಚಿಕೆಯಾಗುತ್ತಿತ್ತು.

ಓಬಮ್ಮ ಯಲ್ಲದಕೆರೆಯ ಹುಡುಗಿ. ಮದುವೆಯಾಗಿ ಬಂದಾಗಿನಿಂದ ಫಾರಂನಲ್ಲಿ ಕಳೆ ಕೀಳುವ ಕೂಲಿ. ಈಗ ಐದು ತಿಂಗಳ ಬಸುರಿ. ಹಿಂದಿನ ಸಲದ್ದು ಹೊಲದಲ್ಲೇ ಇಳಿದುಹೋಗಿತ್ತು. ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಅವಳ ಆಸೆ ಒಂದೇ. ಗಂಡನ ಕೆಲಸ ಕಾಯಂ ಆಗಬೇಕು, ತಾನು ಬಿಸಿಲಿಗೆ ಬಗ್ಗುವುದು ತಪ್ಪಬೇಕು, ಈ ಕೂಸಾದರೂ ಉಳಿಯಬೇಕು. ದಸರೆ ಹೊತ್ತಿಗೆ ಆಗಬಹುದು ಎಂದು ಡಾಕ್ಟರು ಹೇಳಿದ್ದರಂತೆ. ಆಗಬಹುದು ಅಂದದ್ದನ್ನು ಓಬಮ್ಮ ಆಗುತ್ತದೆ ಅಂತಲೇ ಕೇಳಿಸಿಕೊಂಡಿದ್ದಳು.

ಪ್ರತಿ ಶನಿವಾರ ಹನುಮಮ್ಮ ತಲೆಗೆ ನೀರು ಹಾಕಿಕೊಂಡು, ನೆನೆಸಿದ ಕಡಲೆ, ಬಾಳೆಹಣ್ಣು ಬುಟ್ಟಿಗೆ ಹಾಕಿಕೊಂಡು ಆಸ್ಪತ್ರೆಗೆ ಹೊರಡುತ್ತಿದ್ದಳು. ಗೇಟಿನ ಕಾವಲಿನ ಜಂಪಣ್ಣ ಊರಿನವನೇ. "ಹೋಗವ್ವ, ಡಾಕ್ಟ್ರು ಬರೋದ್ರೊಳಗೆ ಬಂದ್ಬಿಡು," ಎಂದು ಬಿಡುತ್ತಿದ್ದ. ಆಕೆ ಹಿಂದಿನ ಜಾಲರಿಯ ಹತ್ತಿರ ನಿಂತು ಒಂದೊಂದು ಕೋತಿಗೂ ಕೈಯಾರೆ ತಿನ್ನಿಸಿ, ಕೈ ಮುಗಿದು ಬರುತ್ತಿದ್ದಳು. ಎಪ್ಪತ್ತಾರನೇ ಇಸವಿಯ ಆ ಮಳೆಗಾಲದವರೆಗೂ ಇದು ಹೀಗೇ ನಡೆದಿತ್ತು.

"ಲೇ ದುರುಗ," ಎಂದಳು ಒಂದು ದಿನ ಮಗನ ತಟ್ಟೆಗೆ ಮುದ್ದೆ ಹಾಕುತ್ತ. "ಆ ಕೊನೇ ಸಾಲಿನಾಗೆ ನಾಕು ಕೋತಿ ಅವೆಯಲ್ಲ, ಅವ್ಯಾಕಲೇ ಹಂಗೆ ಮುದುರ್ಕಂಡು ಕುಂತಾವೆ?"

"ಜ್ವರ ಬಂದೈತೆ."

"ಜ್ವರ ಬಂದಿರೋದು ನನಗೂ ಕಾಣ್ತೈತೆ. ಮೈಮೇಲಿನ ಕೂದ್ಲೆಲ್ಲ ನಿಗರ್ಕಂಡು ಗಡಗಡ ನಡುಗ್ತಾವೆ. ಔಷಧಿ ಕೊಡಲ್ವಾ?"

"ಡಾಕ್ಟ್ರು ನೋಡ್ಕಂತಾರೆ. ನೀನು ಉಣ್ಣವ್ವ."

"ಏನು ನೋಡ್ಕಂತಾರೋ! ಹೋದ ಶನಿವಾರನೂ ಹಂಗೇ ಇದ್ವು, ಈ ಶನಿವಾರನೂ ಹಂಗೇ ಅವೆ. ಸರ್ಕಾರದ ಸಂಬಳ ತಿಂದು ಒಂದು ಮಾತ್ರೆ ಕೊಡಕ್ಕೆ ಆಗಲ್ಲ ಅಂದ್ರೆ ಅದೆಂಥ ಡಾಕ್ಟ್ರಲೇ ಅವ್ನು?"

ದುರುಗಣ್ಣ ಹುರುಳಿ ಸಾರಿಗೆ ಇನ್ನಷ್ಟು ಉಪ್ಪು ಕೇಳಿದ. ಉಪ್ಪು ಸರಿಯಾಗೇ ಇತ್ತು. ಸಾರು ಮಾಡಿದ ಓಬಮ್ಮನಿಗೆ ಅದು ಗೊತ್ತಿತ್ತು. ಮರುದಿನ ಇಬ್ಬರೂ ಸೌದೆಗೆ ಹೋದಾಗ ಗಂಡನನ್ನು ನಿಲ್ಲಿಸಿ ಕೇಳಿದಳು.

"ನಿಜ ಹೇಳ್ರಿ. ಅವಕ್ಕೆ ಯಾಕೆ ಔಷಧಿ ಕೊಡಲ್ಲ?"

ಅವನು ಆಚೀಚೆ ನೋಡಿದ. "ಜ್ವರ ಬರಿಸಿದ್ದೇ ಅವರು ಕಣೇ. ಸೊಳ್ಳೆ ಕಚ್ಚಿಸಿ ಬರಿಸ್ತಾರೆ. ಬಂದ ಮೇಲೆ ಬೇರೆ ಸೊಳ್ಳೆ ಬಿಟ್ಟು ಆ ರಕ್ತ ಕುಡಿಸ್ತಾರೆ. ಆಮೇಲೆ ಆ ಸೊಳ್ಳೆ ಹೊಟ್ಟೆ ಕೊಯ್ದು ದುರ್ಬೀನಿನಾಗೆ ನೋಡ್ತಾರೆ."

"ಸೊಳ್ಳೆ ಹೊಟ್ಟೆನಾ!"

"ಹೂಂ. ಜ್ವರದ ಹುಳ ಅಲ್ಲಿ ಹೆಂಗೆ ಬೆಳೀತೈತೆ ಅಂತ. ಸೊಳ್ಳೆಯಿಂದ ಕೋತಿಗೆ, ಕೋತಿಯಿಂದ ಸೊಳ್ಳೆಗೆ, ಹಿಂಗೇ ಆ ಹುಳನ ಸಾಕ್ಕಂಡು ಬಂದವ್ರೆ. ಮನುಷ್ಯರ ಜ್ವರಕ್ಕೆ ಒಳ್ಳೆ ಔಷಧಿ ಹುಡುಕೋಕಂತೆ. ಡಾಕ್ಟ್ರು ಕೆಟ್ಟೋರಲ್ಲ ಓಬಿ. ವಯಸ್ಸಾಗಿ ಒಂದು ಕೋತಿ ಸತ್ರೂ ಅವತ್ತು ಊಟ ಮಾಡಲ್ಲ ಆ ಪುಣ್ಯಾತ್ಮ." ಸೌದೆಯ ಹೊರೆಗೆ ಹಗ್ಗ ಬಿಗಿಯುತ್ತ ಅವನು ದನಿ ತಗ್ಗಿಸಿದ. "ಅವ್ವಂಗೆ ಹೇಳ್ಬ್ಯಾಡ."

"ನಾನ್ಯಾಕೆ ಹೇಳ್ಲಿ? ಮೊದ್ಲು ಕಾಯಂ ಆಗ್ಲಿ."

ಅಲ್ಲಿಗೆ ಗಂಡ ಹೆಂಡತಿ ಸೇರಿ ಆ ಮಾತನ್ನು ಮುಚ್ಚಿಟ್ಟರು. ಕೆಟ್ಟ ಬುದ್ಧಿಯಿಂದಲ್ಲ. ಮುದುಕಿಯ ಮನಸ್ಸು ನೋಯದಿರಲಿ, ಸಂಬಳಕ್ಕೆ ಕಲ್ಲು ಬೀಳದಿರಲಿ ಎಂದು. ಹೇಳಿಬಿಟ್ಟಿದ್ದರೆ ಹನುಮಮ್ಮ ಒಂದು ವಾರ ಕೂಗಾಡುತ್ತಿದ್ದಳು, ಅಷ್ಟೇ. ಮುಂದೆ ಆದದ್ದು ಆಗುತ್ತಿರಲಿಲ್ಲ.

ಆಷಾಢ ಕಳೆದು ಕಾಲುವೆಯಲ್ಲಿ ನೀರು ನಿಂತಿತು. ಊರಲ್ಲಿ ಚಳಿಜ್ವರ ಸುರುವಾಯಿತು. ಹನುಮಮ್ಮನಿಗೂ ಬಂತು. ಒಂದು ದಿನ ಹಲ್ಲು ಕಟಕಟ ಕಡಿಯುವಷ್ಟು ಚಳಿ, ಎರಡು ಕಂಬಳಿ ಹೊದ್ದರೂ ಸಾಲದು. ಮರುದಿನ ಏನೂ ಆಗದವಳ ಹಾಗೆ ಎದ್ದು ಕಸ ಗುಡಿಸುತ್ತಿದ್ದಳು. ಮಲೇರಿಯಾ ಇಲಾಖೆಯ ತಿಪ್ಪೇರುದ್ರಪ್ಪ ಸೈಕಲ್ಲು ತುಳಿದುಕೊಂಡು ಬಂದ. ಬೆರಳಿಗೆ ಸೂಜಿ ಚುಚ್ಚಿ ಗಾಜಿನ ಪಟ್ಟಿಗೆ ರಕ್ತ ಹಚ್ಚಿಕೊಂಡು, ನಾಲ್ಕು ಬಿಳೀ ಮಾತ್ರೆ ಅಂಗೈಗೆ ಹಾಕಿದ.

"ಹಿಟ್ಟು ಉಂಡು ನಾಕೂ ಒಟ್ಟಿಗೆ ನುಂಗಬೇಕಮ್ಮ. ಬರೀ ಹೊಟ್ಟೇಲಿ ಬ್ಯಾಡ, ವಾಂತಿ ಆಗ್ತೈತೆ."

"ಇದು ನುಂಗಿದ್ರೆ ನಡುಕ ನಿಲ್ತೈತೇನಪ್ಪ?"

"ಗ್ಯಾರಂಟಿ ನಿಲ್ತೈತೆ. ನಡುಕಕ್ಕೇ ಇರೋದು ಇದು."

ಆ ಮಾತು ಮುದುಕಿಯ ತಲೆಯಲ್ಲಿ ಕೂತುಬಿಟ್ಟಿತು. ಮಾತ್ರೆಗಳನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಊಟವಾದ ಮೇಲೆ ಓಬಮ್ಮ ಕೇಳಿದಳು, "ಅತ್ತೆ, ಮಾತ್ರೆ ನುಂಗಿದ್ರಾ?"

"ನುಂಗಿದೆ ಕಣೇ. ಥೂ, ವಿಷ ಇದ್ದಂಗೈತೆ."

ನುಂಗಿರಲಿಲ್ಲ. ಶನಿವಾರ ಬೆಳಿಗ್ಗೆ ಎಳ್ಳು ಹುರಿದು, ಬೆಲ್ಲ ಕುಟ್ಟಿ, ದೊಡ್ಡ ದೊಡ್ಡ ಉಂಡೆ ಕಟ್ಟಿದಳು. ಇವತ್ತೇನು ವಿಶೇಷ ಅಂತ ಓಬಮ್ಮ ಕೇಳಿದ್ದಕ್ಕೆ, "ದೇವರಿಗೆ ಬರೀ ಕಡಲೆ ಕೊಟ್ಟು ಕೊಟ್ಟು ನನಗೇ ಬೇಜಾರಾಗೈತೆ," ಎಂದಳು. ಪರವಾಗಿಲ್ಲ, ಅತ್ತೆಗೆ ಜ್ವರ ಬಿಟ್ಟು ಹುಮ್ಮಸ್ಸು ಬಂದಿದೆ ಅಂದುಕೊಂಡು ಓಬಮ್ಮ ಕುಡುಗೋಲು ತಗೊಂಡು ಫಾರಂಗೆ ಹೋದಳು.

ಆಮೇಲಿನ ಮಂಗಳವಾರ ಮಟಮಟ ಮಧ್ಯಾಹ್ನ ದುರುಗಣ್ಣ ಮನೆಗೆ ಬಂದ. ಅಷ್ಟು ಹೊತ್ತಿಗೆ ಬರುವವನಲ್ಲ. ಮೈ ಹುಷಾರಿಲ್ಲವೆಂದು ಅವತ್ತು ಕೂಲಿಗೆ ಹೋಗದಿದ್ದ ಓಬಮ್ಮ ರಾಗಿ ಕೇರುತ್ತಿದ್ದಳು. ಹನುಮಮ್ಮ ಒಳಗೆ ಒಲೆ ಸಾರಿಸುತ್ತಿದ್ದಳು.

"ಕೆಲಸ ಹೋಯ್ತು ಅನ್ಕ," ಎಂದು ಅವನು ಜಗಲಿಯ ಮೇಲೆ ಕುಸಿದ.

"ಅಯ್ಯೋ, ಏನಾಯ್ತ್ರಿ?"

"ಆ ನಾಕು ಕೋತಿ ಇದ್ವಲ್ಲ, ಅದ್ರಾಗೆ ಮರಿ ಒಂದು ಭಾನುವಾರ ಸತ್ತೋಗಿತ್ತು. ಜ್ವರ ಜಾಸ್ತಿಯಾಗಿ ಸತ್ತೈತೆ ಅನ್ಕಂಡ್ವಿ. ಇವತ್ತು ಉಳಿದವುಗಳ ರಕ್ತ ನೋಡಿದ್ರೆ ಒಂದು ಹುಳನೂ ಇಲ್ಲ. ಡಾಕ್ಟ್ರು ಉಚ್ಚೆ ಹಿಡಿದು ಪರೀಕ್ಷೆ ಮಾಡಿದ್ರು. ಯಾರೋ ಮಾತ್ರೆ ತಿನ್ಸವ್ರೆ ಅಂದ್ರು. ಡಾಕ್ಟ್ರಿಗೆ ಗೊತ್ತಿರೋ ಹಂಗೆ ಕೋತಿ ಹತ್ರ ಹೋಗೋನು ನಾನೊಬ್ನೇ. ಇನ್ಯಾರ ಮೇಲೆ ಬರ್ತೈತೆ ಹೇಳು? ಅಷ್ಟು ದಿನ ಸಾಕಿದ ಹುಳ ಹೋಯ್ತು ಅಂತ ಆ ಮನುಷ್ಯ ತಲೆ ಮೇಲೆ ಕೈ ಹೊತ್ಕಂಡು ಕುಂತವ್ನೆ."

ಓಬಮ್ಮನಿಗೆ ಎಳ್ಳುಂಡೆ ನೆನಪಾಯಿತು. ಮೊರ ಕೆಳಗಿಟ್ಟಳು. ಅವಳು ಬಾಯಿ ಬಿಡುವ ಮೊದಲೇ, ಸಗಣಿ ಕೈಯಲ್ಲೇ ಹನುಮಮ್ಮ ಬಾಗಿಲಿಗೆ ಬಂದಳು. ಮುಖ ಅರಳಿತ್ತು.

"ವಾಸಿ ಆದ್ವೇನ್ಲೇ? ನಾನೇ ಕಣಪ್ಪ ಕೊಟ್ಟಿದ್ದು! ಉಂಡೆ ಒಳಗಿಟ್ಟು ಒಂದೊಂದಕ್ಕೆ ಒಂದೊಂದು ತಿನ್ನಿಸ್ದೆ. ನಿಮ್ಮ ಡಾಕ್ಟ್ರ ಕೈಲಿ ಆಗದೇ ಇದ್ದಿದ್ದು ನನ್ನ ಕೈಲಾಯ್ತು ನೋಡು!"

ದುರುಗಣ್ಣ ತಾಯಿಯನ್ನೇ ನೋಡಿದ. ಆಮೇಲೆ ಎದ್ದು ನಿಂತು ಕಿರುಚಿದ. ಆ ಕಿರುಚಾಟಕ್ಕೆ ಪಕ್ಕದ ಮನೆಯವರು ಹೊರಗೆ ಬಂದರು.

"ಅದು ಆಸ್ಪತ್ರೆ ಅಲ್ಲ ಕಣವ್ವಾ! ಯಾವ ಮುಂಡೇಮಗ ಆ ಹೆಸರಿಟ್ನೋ! ಅಲ್ಲಿ ರೋಗ ವಾಸಿ ಮಾಡಲ್ಲ. ರೋಗ ಬರಿಸ್ತಾರೆ. ಬರಿಸಿ, ಬೆಳೆಸಿ, ನೋಡ್ತಾರೆ. ಅದೇ ಕೆಲಸ ಅಲ್ಲಿ. ಅದಕ್ಕೇ ನನಗೆ ಸಂಬಳ!"

"ಬರಿಸ್ತಾರಾ? ಯಾರು? ನೀನಾ?"

"ನಾನು ಹಿಡ್ಕಂತೀನಿ. ಅವರು ಸೊಳ್ಳೆ ಬಿಡ್ತಾರೆ."

"ಥೂ ನಿನ್ನ! ಆಂಜನೇಯನ ಮಕ್ಕಳಿಗೆ ಜ್ವರ ಬರಿಸಿ ತಂದ ಹಿಟ್ಟು ಉಣ್ಣಿಸಿದ್ಯಾ ನನಗೆ? ಇದಕ್ಕೇನಲೇ ನಿನ್ನ ಹೆತ್ತಿದ್ದು?"

ಅವನಿಗೂ ಬುದ್ಧಿ ಕೆಟ್ಟಿತ್ತು. ಕೆಲಸ ಹೋಗುತ್ತಿದೆ, ಬಸುರಿ ಹೆಂಡತಿ ಮುಂದೆ ನಿಂತಿದ್ದಾಳೆ, ಊರು ನೋಡುತ್ತಿದೆ. ಆಡಬಾರದ್ದನ್ನು ಆಡಿದ.

"ನಮ್ಮ ಜ್ವರದಿಂದ ಒಂದೂ ಸತ್ತಿರ್ಲಿಲ್ಲ, ತಿಳ್ಕ! ದೊಡ್ಡೋರಿಗೆ ಕೊಡೋ ಮಾತ್ರೆ ಆ ಮರಿಗೆ ತಿನ್ನಿಸಿದ್ಯಲ್ಲ, ಅದರ ಎದೆ ನಿಂತೋಯ್ತು. ಡಾಕ್ಟ್ರೇ ಹೇಳಿದ್ರು. ಸಾಯಿಸಿದ್ದು ನಾನಲ್ಲ, ಸೊಳ್ಳೆ ಅಲ್ಲ. ನೀನು. ನೀನೇ ಕೊಂದಿದ್ದು ಅದನ್ನ."

ಹನುಮಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಓಬಮ್ಮನಿಗೆ ಗಂಡನ ಬಾಯಿ ಮುಚ್ಚಬೇಕೆನ್ನಿಸಿತು, ಆದರೆ ಆಡಿದ ಮೇಲೆ ಮುಚ್ಚಿ ಏನು ಬಂತು?

"ಎಲ್ಲಿ ಮಣ್ಣು ಮಾಡಿದ್ರಿ?" ಎಂದಳು ಮುದುಕಿ ಕೊನೆಗೆ.

"ಸುಣ್ಣದ ಗುಂಡಿಗೆ ಹಾಕಿದ್ವಿ."

ಊರಲ್ಲಿ ಕೋತಿ ಸತ್ತರೆ ಕುಂಕುಮ ಹಚ್ಚಿ, ಹೂವಿನ ಹಾರ ಹಾಕಿ, ತಮಟೆ ಹೊಡೆಸಿ, ಭಜನೆ ಮಾಡಿಕೊಂಡು ಹೋಗಿ ಮಣ್ಣು ಮಾಡುತ್ತಾರೆ. ಸುಣ್ಣದ ಗುಂಡಿಗೆ ಯಾರೂ ಹಾಕುವುದಿಲ್ಲ. ಹನುಮಮ್ಮ ಬಾವಿಗೆ ಹೋಗಿ ಉಟ್ಟ ಸೀರೆಯಲ್ಲೇ ತಲೆಯ ಮೇಲೆ ನೀರು ಸುರಿದುಕೊಂಡು ಬಂದಳು. ಮನೆಯಲ್ಲಿ ಯಾರೋ ಸತ್ತವರ ಹಾಗೆ ಸೂತಕ ಹಿಡಿದಳು. ದೇವರ ಗೂಡಿಗೆ ದೀಪ ಹಚ್ಚಲಿಲ್ಲ, ಒಲೆ ಮುಟ್ಟಲಿಲ್ಲ, ಒಗ್ಗರಣೆಯ ಸಾರು ಉಣ್ಣಲಿಲ್ಲ. ಜಗಲಿಯ ಮೂಲೆಯಲ್ಲಿ ಕೂತು ಅಂಬಲಿ ಕುಡಿದಳು. "ಯಾರು ಹೋದ್ರು ಹನುಮಕ್ಕ?" ಎಂದು ದಾರಿಯಲ್ಲಿ ಹೋಗುವವರು ಕೇಳಿದರೆ, "ನಮ್ಮ ಮನೆ ಕೂಸು," ಎನ್ನುತ್ತಿದ್ದಳು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಓಬಮ್ಮ ತನ್ನ ಹೊಟ್ಟೆಯ ಮೇಲೆ ಕೈ ಇಟ್ಟುಕೊಳ್ಳುತ್ತಿದ್ದಳು. ಸಿಟ್ಟೂ ಬರುತ್ತಿತ್ತು, ಭಯವೂ ಆಗುತ್ತಿತ್ತು.

ದುರುಗಣ್ಣ ಡಾಕ್ಟರ ಕಾಲಿಗೆ ಬಿದ್ದು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟ. ಡಾಕ್ಟರು ಪಂಚಾಕ್ಷರಪ್ಪನವರು ಬಯ್ಯಲಿಲ್ಲವಂತೆ. ಕನ್ನಡಕ ತೆಗೆದು ಒರೆಸಿಕೊಂಡರಂತೆ. ಸಂಜೆ ಹಿತ್ತಲಲ್ಲಿ ಅವನು ಹೆಂಡತಿಗೆ ಹೇಳಿದ.

"ನಿಮ್ಮ ತಾಯಿ ಹೆಸರು ನಾನು ಎಲ್ಲೂ ಬರೆಯಲ್ಲ ಅಂದ್ರು. ಆದ್ರೆ ಆಯಮ್ಮ ಇನ್ನು ಗೇಟಿನೊಳಗೆ ಕಾಲಿಡಂಗಿಲ್ಲ. ಮಾತ್ರೆ ತಿನ್ನೋಕೆ ಮೊದ್ಲು ಆ ಕೋತಿ ರಕ್ತ ಕುಡಿದ ಸೊಳ್ಳೆ ಒಂದಿಷ್ಟು ಪಂಜರದಾಗೆ ಇನ್ನೂ ಬದುಕವೆ. ಅವು ಸಾಯೋದ್ರೊಳಗೆ ಮತ್ತೆ ಕಚ್ಚಿಸಿದ್ರೆ ಹುಳ ಉಳೀತೈತಂತೆ."

"ಯಾವ ಕೋತಿಗೆ?"

"ಈ ಜ್ವರ ಹತ್ತೋ ಜಾತಿಯವು ಇರೋವು ಆ ಮೂರೇ. ಹೊಸವು ತರ್ಸೋ ಹೊತ್ತಿಗೆ ಸೊಳ್ಳೆ ಸತ್ತೋಗ್ತವೆ. ಮೈಯಾಗಿನ ಮಾತ್ರೆ ಇಳಿದ ತಕ್ಷಣ ಕಚ್ಚಿಸಬೇಕು, ನೀನು ಹಿಡಿದುಕೊಡು, ನಿನ್ನ ಕಾಯಂ ಕಾಗದಕ್ಕೆ ನಾನು ರುಜು ಹಾಕ್ತೀನಿ ಅಂದ್ರು." ಅವನು ಕೈಗಳನ್ನು ತೊಡೆಗೆ ಒರೆಸಿಕೊಂಡ. "ನನ್ನ ಕೈಲಾಗಲ್ಲ ಓಬಿ. ಅವ್ವ ಉಳಿಸಿರೋ ಮೂರನ್ನ ನಾನೇ ಹೆಂಗೆ ಹಿಡೀಲಿ?"

ಇಲ್ಲಿ ಓಬಮ್ಮ ಬೇಡ ಅನ್ನಬಹುದಿತ್ತು. ಬೇಡ ಅಂದಿದ್ದರೆ ಅವನು ಬಿಟ್ಟೂ ಬಿಡುತ್ತಿದ್ದ, ಮೆದು ಮನುಷ್ಯ.

"ಹಿಡೀರಿ," ಎಂದಳು. "ಕಳೆ ಕಿತ್ತು ಕಿತ್ತು ನನ್ನ ಸೊಂಟ ಬಿದ್ದೋಗೈತೆ. ಹೋದ ಸಲ ಸಾಲಿನಾಗೇ ರಕ್ತ ಸುರಿಸ್ಕಂಡು ಕುಂತಿದ್ದೆ, ಮರ್ತೋಯ್ತಾ? ಕೋತಿಗೆ ಜ್ವರ ಬಂದ್ರೆ ಬರ್ಲಿ. ಸಾಯಲ್ಲ ಅಂತ ನೀವೇ ಹೇಳ್ತೀರಲ್ಲ. ಹಿಡೀರಿ."

ಅವನು ಹಿಡಿದ.

ಸೂತಕ ಕಳೆದ ದಿನ ಹನುಮಮ್ಮ ಮೈ ತೊಳೆದುಕೊಂಡು ಒಳಗೆ ಬಂದಳು. ಮಗನ ಜೊತೆ ಮಾತು ಬಿಟ್ಟಿದ್ದಳು. ಸೊಸೆಯನ್ನು ಕೇಳಿದಳು.

"ಓಬಿ, ಉಳಿದವು ಹೆಂಗವೆಯಂತೆ?"

ಮುದುಕಿ ಆ ಹನ್ನೊಂದು ದಿನದಲ್ಲಿ ಅರ್ಧವಾಗಿದ್ದಳು. ಜ್ವರವೂ ದಿನ ಬಿಟ್ಟು ದಿನ ಬಂದು ಹೋಗುತ್ತಿತ್ತು. ಕೆನ್ನೆಯ ಮೂಳೆ ಎದ್ದು ಕಾಣುತ್ತಿತ್ತು. ಓಬಮ್ಮನ ಬಾಯಿಂದ ಸುಳ್ಳು ತಾನಾಗೇ ಬಂತು.

"ಬಿಟ್ಟುಬಿಟ್ರಂತೆ ಅತ್ತೆ. ಜ್ವರ ಹೋದ ಮೇಲೆ ಇನ್ನೇನಕ್ಕೆ ಬರ್ತವೆ ಅಂತ ಜೀಪಿನಾಗೆ ತಗಂಡೋಗಿ ಮಾರಿಕಣಿವೆ ಗುಡ್ಡಕ್ಕೆ ಬಿಟ್ಟು ಬಂದ್ರಂತೆ."

"ಗುಡ್ಡಕ್ಕಾ! ಮೂರನ್ನೂ?"

"ಮೂರನ್ನೂ."

"ಅಲ್ಲಿ ನೀರೈತೆ, ಮರ ಐತೆ," ಎಂದಳು ಹನುಮಮ್ಮ. ಕಣ್ಣಲ್ಲಿ ನೀರು ಬಂತು. "ಒಂದನ್ನ ಕೊಂದೆ, ಮೂರನ್ನ ಬಿಡಿಸ್ದೆ. ಅಷ್ಟು ಸಾಕು ಕಣವ್ವ ನನಗೆ. ಹಿಟ್ಟು ಹಾಕು, ಹಸಿವಾಗ್ತೈತೆ."

ಆ ದಿನ ಆಕೆ ಸೊಪ್ಪಿನ ಸಾರಿನಲ್ಲಿ ಪೂರ್ತಿ ಮುದ್ದೆ ಉಂಡಳು. ಉಣ್ಣುವುದನ್ನು ನೋಡುತ್ತ ಓಬಮ್ಮ ತಾನು ಒಳ್ಳೆಯದನ್ನೇ ಮಾಡಿದೆ ಅಂದುಕೊಂಡಳು. ಆಮೇಲೆ ಒಂದಷ್ಟು ದಿನ ಮನೆ ಮನೆಯ ಹಾಗಿತ್ತು. ಅತ್ತೆ ಹುಣಸೆಹಣ್ಣು ಬಿಡಿಸುತ್ತ, ಸೊಸೆಗೆ ಯಾವ ಕಷಾಯ ಕುಡಿಯಬೇಕು ಯಾವುದು ಬೇಡ ಎಂದು ಹೇಳುತ್ತಿದ್ದಳು. ಮಗನ ತಟ್ಟೆಗೆ ಮತ್ತೆ ತಾನೇ ಬಡಿಸತೊಡಗಿದಳು.

ಕಾಯಂ ಕಾಗದ ದಸರೆಗೆ ಸರಿಯಾಗಿ ಬಂತು. ಹೋಳಿಗೆ ಮಾಡಿದರು. ಗೇಟಿನ ಜಂಪಣ್ಣನನ್ನೂ ಊಟಕ್ಕೆ ಕರೆದರು; ಕರೆಯದಿದ್ದರೆ ತಪ್ಪಾಗುತ್ತಿತ್ತು. ಕರೆದದ್ದೇ ತಪ್ಪಾಯಿತು. ಅವನು ಪಂಕ್ತಿಯಲ್ಲಿ ಕೂತು ಎರಡನೇ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ ಮಗನನ್ನು ತಾಯಿಯ ಮುಂದೆ ಹೊಗಳಿದ.

"ಹನುಮಕ್ಕ, ನಿನ್ನ ಮಗನ ಕೈ ಕೈಯಲ್ಲ ಕಣವ್ವ, ಕಬ್ಬಿಣ! ಆ ಮೂರು ಕೋತಿನೂ ಒಬ್ನೇ ಹಿಡ್ದ. ಸೊಳ್ಳೆ ಡಬ್ಬಿ ಹೊಟ್ಟೆಗೆ ಒತ್ತಿ ಹಿಡಿದ್ರೆ ಒಂದಾದ್ರೂ ಮಿಸುಕಾಡಬೇಕಲ್ಲ! ಈಗ ನೋಡು, ಮೂರಕ್ಕೂ ಜ್ವರ ತಿರುಗಿ ಹತ್ತೈತೆ. ಡಾಕ್ಟ್ರಿಗೆ ಹೋದ ಜೀವ ಬಂದಂಗಾಗೈತೆ. ಕಾಯಂ ಸುಮ್ನೆ ಆಗ್ಲಿಲ್ಲ!"

ದುರುಗಣ್ಣ ತುತ್ತು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದ. ಹನುಮಮ್ಮ ತುಪ್ಪದ ಗಿಂಡಿ ಕೆಳಗಿಟ್ಟಳು. ಮಗನ ಕಡೆ ನೋಡಲಿಲ್ಲ. ಒಲೆಯ ಹತ್ತಿರ ನಿಂತ ಸೊಸೆಯ ಕಡೆ ತಿರುಗಿದಳು.

"ಗುಡ್ಡ ಯಾವುದೇ ಓಬಿ?"

ಕಾವಲಿಯ ಮೇಲೆ ಹೋಳಿಗೆ ಸೀದು ಹೊಗೆ ಎದ್ದಿತು. ಯಾರೂ ತೆಗೆಯಲಿಲ್ಲ.

ಮರುದಿನದಿಂದ ಜ್ವರ ಬಿಡುವು ಕೊಡದೆ ಬಂತು. ತಿಪ್ಪೇರುದ್ರಪ್ಪ ಬಂದು ಮತ್ತೆ ರಕ್ತ ತೆಗೆದ, ಎರಡು ದಿನದಲ್ಲಿ ತಿರುಗಿ ಬಂದ. "ಹುಳ ತುಂಬೋಗವೆ. ಹಿಂದಿನ ಸಲ ಮಾತ್ರೆ ನುಂಗಿದ್ರೆ ಇಷ್ಟಕ್ಕೆ ಬರ್ತಿರ್ಲಿಲ್ಲ. ಇವತ್ತು ನಾಕು, ನಾಳೆ ನಾಕು, ನಾಳಿದ್ದು ಎರಡು. ತಪ್ಪಿಸಿದ್ರೆ ಮುದುಕಿ ಉಳಿಯಲ್ಲ ಕಣಪ್ಪ," ಎಂದು ದುರುಗಣ್ಣನ ಕೈಗೆ ಪೊಟ್ಟಣ ಕೊಟ್ಟು ಹೋದ.

ಓಬಮ್ಮ ಗಂಜಿ ಕಾಯಿಸಿ ತಂದಳು. ಹನುಮಮ್ಮ ಗಂಜಿ ಕುಡಿದಳು. ಮಾತ್ರೆ ತುಟಿಯ ಹತ್ತಿರ ಹೋದಾಗ ಮುಖ ತಿರುಗಿಸಿದಳು.

"ಅವಕ್ಕೆ ಕೊಟ್ಟು ಬಾ ಅನ್ನು ನಿನ್ನ ಗಂಡಂಗೆ. ಆಮೇಲೆ ನಾನು ನುಂಗ್ತೀನಿ."

"ಅತ್ತೆ, ಅವಕ್ಕೆ ಕೊಟ್ರೆ ಕೆಲಸ ಹೋಗ್ತೈತೆ. ನಿಮಗೆ ಗೊತ್ತಿಲ್ವಾ?"

"ಗೊತ್ತೈತೆ. ನಾನೇನು ಕೊಡು ಅಂತ ಜುಲುಮೆ ಮಾಡ್ತೀನಾ? ಅವಕ್ಕಿಲ್ಲದ್ದು ನನಗೂ ಬ್ಯಾಡ, ಅಷ್ಟೇ."

"ನಾನು ಸುಳ್ಳು ಹೇಳಿದ್ದು ತಪ್ಪಾಯ್ತು. ನಿಮ್ಮ ಕಾಲು ಹಿಡ್ಕಂತೀನಿ. ಹುಟ್ಟೋ ಕೂಸಿನ ಮುಖ ನೋಡಲ್ವಾ ನೀವು?"

"ನೋಡ್ಬೇಕು ಅಂತ ಆಸೆ ಐತೆ ಕಣೇ," ಎಂದಳು ಮುದುಕಿ. ಸುಳ್ಳಾಡಲಿಲ್ಲ. ಆಸೆ ಕಣ್ಣಲ್ಲೇ ಇತ್ತು. "ಆದ್ರೆ ಯಾವ ಬಾಯಲ್ಲಿ ನುಂಗ್ಲಿ ಹೇಳು."

ಮೂರು ದಿನ ಹೀಗೇ ಆಯಿತು. ದುರುಗಣ್ಣ ಬೇಡಿದ, ಅತ್ತ, ಗದರಿದ. ಸಾರಿಗೆ ಬೆರೆಸಿ ಕೊಟ್ಟರು. ಕಹಿ ತಿಳಿದು ಉಗಿದಳು. ಚಳಿ ಬಂದಾಗ ಹಾಸಿದ ಚಾಪೆ ಸಮೇತ ನಡುಗುತ್ತಿದ್ದಳು. ಕಣ್ಣು ಹಳದಿಯಾಯಿತು. ಬಾವಿಯ ಹತ್ತಿರ ಹೆಂಗಸರು, "ಕೋತಿ ಹಿಡಿಯೋ ಮನೆ. ಆಂಜನೇಯ ಸುಮ್ನಿರ್ತಾನಾ?" ಎಂದು ಓಬಮ್ಮನಿಗೆ ಕೇಳುವ ಹಾಗೇ ಆಡಿಕೊಂಡರು. ಎತ್ತಿನಗಾಡಿ ಕಟ್ಟಿ ಹಿರಿಯೂರಿನ ಆಸ್ಪತ್ರೆಗೆ ಹೋಗಾಣ ಎಂದರೆ, "ಆಸ್ಪತ್ರೆ ಹೆಸರು ಎತ್ತಬ್ಯಾಡ," ಎಂದು ಮುದುಕಿ ಚಾಪೆಗೆ ಅಂಟಿಕೊಂಡಳು.

ನಾಲ್ಕನೆಯ ದಿನ ಬೆಳಿಗ್ಗೆ ದುರುಗಣ್ಣ ಕೆಲಸಕ್ಕೆ ಹೊರಟು ಖಾಕಿ ಅಂಗಿ ತೊಟ್ಟುಕೊಂಡಿದ್ದ. ತಾಯಿಯ ಉಸಿರಿನ ಸದ್ದು ಕೇಳಿ ಹೊಸ್ತಿಲಲ್ಲಿ ನಿಂತ. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದ.

"ಓಬಿ, ನೀರು ತಾ."

ಅವನು ತಾಯಿಯನ್ನು ಎಬ್ಬಿಸಿ ಕೂರಿಸಿ ಬೆನ್ನ ಹಿಂದೆ ಮಂಡಿಯೂರಿದ. ಓಬಮ್ಮ ಏನಾಗುತ್ತಿದೆ ಎಂದು ನೋಡುವಷ್ಟರಲ್ಲಿ ಮುದುಕಿಯ ಎರಡೂ ತೋಳನ್ನು ಹಿಂದಕ್ಕೆ ಎಳೆದು ಒಂದೇ ಕೈಯಲ್ಲಿ ಸೇರಿಸಿ ಹಿಡಿದಿದ್ದ. ಮೊಣಕಾಲಿನಿಂದ ಸೊಂಟ ಒತ್ತಿದ. ಇನ್ನೊಂದು ಕೈಯ ಹೆಬ್ಬೆರಳು, ತೋರುಬೆರಳು ಕೆನ್ನೆಯ ಎರಡೂ ಕಡೆ ದವಡೆಯ ಸಂದಿಗೆ ಹೋದವು. ಬಾಯಿ ತೆರೆಯಿತು. ಒಂದು ಕೂದಲೂ ಕೊಂಕಲಿಲ್ಲ, ಎಲ್ಲೂ ತರಚಲಿಲ್ಲ. ಕೋತಿಗಳನ್ನು 'ಹಿಡೀರಿ' ಅಂದವಳು ನಾನೇ, ಆ ಹಿಡಿತ ನೋಡಿದ್ದು ಮಾತ್ರ ಇವತ್ತೇ ಎಂದು ಓಬಮ್ಮನಿಗೆ ಹೊಳೆಯಿತು.

"ಹಾಕು," ಎಂದ ಅವನು. ಅವನ ಕಣ್ಣಿಂದ ನೀರು ಸುರಿದು ತಾಯಿಯ ನೆತ್ತಿಯ ಮೇಲೆ ಬೀಳುತ್ತಿತ್ತು. ಕೈ ಮಾತ್ರ ಅಲುಗಲಿಲ್ಲ. "ನೋಡ್ತಾ ನಿಂತ್ಕಬ್ಯಾಡ, ಹಾಕೇ!"

ಓಬಮ್ಮ ಮಾತ್ರೆ ಹಾಕಿದಳು, ನೀರು ಹುಯ್ದಳು. ಅವನು ಗದ್ದ ಮೇಲಕ್ಕೆತ್ತಿ ಗಂಟಲು ಸವರಿದ. ಹನುಮಮ್ಮ ಒದ್ದಾಡಲಿಲ್ಲ. ಮಾತ್ರೆ ಇಳಿಯುವವರೆಗೂ ಮೇಲೆ ಬಾಗಿದ ಮಗನ ಮುಖವನ್ನೇ ನೋಡುತ್ತಿದ್ದಳು. ಬಿಟ್ಟ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದಳು. ಅವನು ಹೊರಗೆ ಹೋಗಿ ಹಿತ್ತಲಲ್ಲಿ ಮುಖ ತೊಳೆದು, ಕೆಲಸಕ್ಕೆ ಹೋದ.

ಸಂಜೆ ಹೊತ್ತಿಗೆ ಬೆವರು ಬಿಟ್ಟು ಮೈ ತಣ್ಣಗಾಯಿತು. ಓಬಮ್ಮ ಹಣೆ ಮುಟ್ಟಿ ನೋಡಿ ಅತ್ತಳು. ಬದುಕಿಕೊಂಡಳಲ್ಲ, ಬಯ್ಯಲಿ, ಹೊಡೆಯಲಿ, ಬೇಕಾದರೆ ನನ್ನನ್ನು ತವರಿಗೆ ಅಟ್ಟಲಿ ಅಂದುಕೊಂಡಳು.

ಮರುದಿನ ಬೆಳಿಗ್ಗೆ ದುರುಗಣ್ಣ ಪೊಟ್ಟಣದಿಂದ ಎರಡನೇ ದಿನದ ಮಾತ್ರೆ ತೆಗೆದುಕೊಂಡು ಬಂದ. ಹನುಮಮ್ಮ ಗೋಡೆಗೆ ಒರಗಿ ಕೂತಿದ್ದಳು. ಅವನನ್ನು ಕಂಡಳು. ಆಕೆ ಒಂದು ಸಲ ಅವನ ಕೈಗಳನ್ನು ನೋಡಿದಳು. ಆಮೇಲೆ ಮೆಲ್ಲಗೆ ತನ್ನ ಎರಡೂ ಕೈಗಳನ್ನು ತಾನೇ ಬೆನ್ನ ಹಿಂದಕ್ಕೆ ತೆಗೆದುಕೊಂಡು, ಒಂದರ ಮೇಲೊಂದು ಇಟ್ಟು, ಬಾಯಿ ತೆರೆದಳು.

ದುರುಗಣ್ಣನ ಕೈಯಿಂದ ಮಾತ್ರೆ ನೆಲಕ್ಕೆ ಬಿದ್ದವು. "ಅವ್ವಾ, ಬ್ಯಾಡವ್ವಾ, ಕೈ ಮುಂದಕ್ಕೆ ತಗಳವ್ವಾ," ಎಂದ. ಅಲ್ಲಿ ನಿಲ್ಲಲಾರದೆ ಬಾಗಿಲು ದಾಟಿ ಓಡಿದ.

ಓಬಮ್ಮ ನೆಲದ ಮೇಲಿನ ಮಾತ್ರೆಗಳನ್ನು ಆರಿಸಿ ಸೆರಗಿನಲ್ಲಿ ಒರೆಸಿದಳು. ಒಂದೊಂದಾಗಿ ಅತ್ತೆಯ ಬಾಯಿಗೆ ಹಾಕಿ ನೀರು ಕುಡಿಸಿದಳು. ಮುದುಕಿ ನುಂಗಿದಳು. ನಾಲ್ಕೂ ಮುಗಿದ ಮೇಲೂ, ಸೊಸೆ ಚೊಂಬು ಎತ್ತಿಕೊಂಡು ಎದ್ದ ಮೇಲೂ, ಆಕೆ ಕೈಗಳನ್ನು ಮುಂದಕ್ಕೆ ತರಲಿಲ್ಲ.